ಬ್ರಾಯ್ಲರ್ ಮರಿಯ ಮೇವು: ನಾರು ಮುಟ್ಟಿದರೆ ಎಣ್ಣೆಯ ಲೆಕ್ಕವೂ ಬದಲಾಗುತ್ತದೆ

ಮೇವಿನ ಚೀಲದ ಮೇಲೆ ‘ಕಚ್ಚಾ ನಾರು 3.5%, ಕಚ್ಚಾ ಕೊಬ್ಬು 4%’ ಎಂದು ಅಚ್ಚಾಗಿರುತ್ತದೆ. ಹತ್ತು ದಿನದೊಳಗಿನ ಮರಿಯ ಮಟ್ಟಿಗೆ ಈ ಎರಡು ಅಂಕಿಗಳಿಂದ ತಿಳಿಯುವುದು ತೀರಾ ಕಡಿಮೆ. ಆ ನಾರು ನೀರಲ್ಲಿ ಕರಗುವುದೋ ಕರಗದ್ದೋ, ಕಣ ದಪ್ಪವೋ ಹಿಟ್ಟೋ, ಕೊಬ್ಬು ದ್ರವವೋ ಗಟ್ಟಿಯೋ, ತಾಜಾವೋ ಕಮಟೋ ಎಂಬುದರ ಮೇಲೆ ಮೇವು ಮೈಗೆ ಹತ್ತುವುದು ನಿಂತಿದೆ. ನಾರು, ಕೊಬ್ಬು ಎರಡನ್ನೂ ಬೇರೆಬೇರೆಯಾಗಿ ತೂಗುವುದು ಸೂತ್ರ ಬರೆಯುವವರ ಹಳೆಯ ಅಭ್ಯಾಸ. ಮರಿಯ ಕರುಳಿನಲ್ಲಿ ಅವು ಒಂದಕ್ಕೊಂದು ತಗುಲಿಕೊಂಡೇ ಇರುತ್ತವೆ.

ಮೊದಲು ಕೊಬ್ಬು. ಮೊಟ್ಟೆಯೊಳಗೆ 21 ದಿನ ಮರಿ ಬೆಳೆದದ್ದೇ ಹಳದಿಯ ಕೊಬ್ಬಿನಿಂದ. ಹುಟ್ಟಿದ ಮೇಲೂ ಹೊಟ್ಟೆಯಲ್ಲಿ ಒಂದಿಷ್ಟು ಹಳದಿ ಉಳಿದು ಕೆಲವು ದಿನಗಳಲ್ಲಿ ಕರಗುತ್ತದೆ. ಹಾಗಾದರೆ ಮೇವಿನ ಕೊಬ್ಬನ್ನೂ ಸಲೀಸಾಗಿ ಅರಗಿಸಿಕೊಳ್ಳಬೇಕಲ್ಲ ಅನ್ನಿಸುತ್ತದೆ. ಆದರೆ ಹಳದಿಯ ಕೊಬ್ಬಿನ ಬಹುಪಾಲು ಹಳದಿ ಚೀಲದ ಪೊರೆಯ ಮೂಲಕ ನೇರವಾಗಿ ರಕ್ತಕ್ಕೆ ಸೇರುವಂಥದ್ದು. ಮೇವಿನ ಕೊಬ್ಬಿಗೆ ಪಿತ್ತರಸವೂ ಬೇಕು, ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕೊಬ್ಬು ಒಡೆಯುವ ಕಿಣ್ವವೂ ಬೇಕು. ಮೊದಲ ವಾರ–ಹತ್ತು ದಿನ ಇವೆರಡೂ ಸಾಕಷ್ಟು ಇರುವುದಿಲ್ಲ, ಪಿತ್ತ ಲವಣಗಳ ಕೊರತೆಯಂತೂ ಹೆಚ್ಚು ಕಾಡುತ್ತದೆ. ಸೋಯಾ ಎಣ್ಣೆಯಂಥ ಅಪರ್ಯಾಪ್ತ ಕೊಬ್ಬು ಇದ್ದ ಅಲ್ಪ ಪಿತ್ತದಲ್ಲೇ ಹೇಗೋ ಕರಗಿ ಒಳಸೇರುತ್ತದೆ. ದನದ ಕೊಬ್ಬು, ತಾಳೆಯ ಗಟ್ಟಿ ಕೊಬ್ಬು ಅಷ್ಟು ಸುಲಭವಲ್ಲ. ಅವುಗಳ ಪರ್ಯಾಪ್ತ ಕೊಬ್ಬಿನಾಮ್ಲಗಳು ಕರುಳಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಸಾಬೂನಾಗುತ್ತವೆ, ಆ ಸಾಬೂನು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಶಕ್ತಿಯೂ ಹೋಯಿತು, ಕ್ಯಾಲ್ಸಿಯಮೂ ಹೋಯಿತು. ಇಂಥ ಮೇವಿಗೆ ಹೆಚ್ಚುವರಿ ಸುಣ್ಣಕಲ್ಲಿನ ಪುಡಿ ಸುರಿದರೆ ಸಾಬೂನು ಇನ್ನಷ್ಟು.

ಹೀಗಾಗಿ ಪ್ರೀ-ಸ್ಟಾರ್ಟರ್‌ನಲ್ಲಿ, ಅಂದರೆ ಮೊದಲ ದಿನಗಳ ಮೇವಿನಲ್ಲಿ, ಹೊರಗಿನಿಂದ ಸೇರಿಸುವ ಎಣ್ಣೆ 1ರಿಂದ 2.5% ಒಳಗೆ ನಿಲ್ಲುವುದು ಒಳ್ಳೆಯದು, ಅದೂ ದ್ರವರೂಪದ ಸಸ್ಯಜನ್ಯ ಎಣ್ಣೆ. ಗಟ್ಟಿ ಕೊಬ್ಬು ಬಳಸಲೇಬೇಕೆಂದಿದ್ದರೆ ಎರಡನೇ ವಾರ ಕಳೆಯಲಿ, ಆಗಲೂ ದ್ರವ ಎಣ್ಣೆಯೊಂದಿಗೆ ಬೆರೆಸಿಯೇ ಕೊಡಿ. ಕೊಬ್ಬನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸುವ ಲೈಸೊಲೆಸಿಥಿನ್‌ನಂಥ ಎಮಲ್ಸಿಫೈಯರ್ ಪ್ರಯೋಜನಕ್ಕೆ ಬರುವುದು ಹೆಚ್ಚಾಗಿ ಗಟ್ಟಿ ಕೊಬ್ಬು ಇದ್ದಲ್ಲಿ. 1.5% ಸೋಯಾ ಎಣ್ಣೆಯ ಮೇವಿಗೆ ಅದನ್ನು ಹಾಕಿ ಪವಾಡ ಕಾಯುವುದು ದುಡ್ಡು ದಂಡ.

ಇನ್ನು ನಾರು. ಮರಿ ಮೇವಿನಲ್ಲಿ ನಾರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬುದು ಬಹುಕಾಲ ನಡೆದುಬಂದ ಮಾತು. ಅದು ಅರ್ಧ ಮಾತ್ರ ನಿಜ. ಗಿಜಾರ್ಡ್ ಎಂದರೆ ಕಾಳು ಅರೆಯುವ ದಪ್ಪ ಸ್ನಾಯುಚೀಲ. ಕೆಲಸ ಕೊಟ್ಟಷ್ಟೂ ಬೆಳೆಯುವ ಅಂಗ. ಓಟ್ಸ್ ಸಿಪ್ಪೆ, ಭತ್ತದ ಹೊಟ್ಟು, ಸೂರ್ಯಕಾಂತಿ ಬೀಜದ ಸಿಪ್ಪೆಯಂಥ ಕರಗದ ಒರಟು ನಾರು 2–3% ಇದ್ದರೆ ಗಿಜಾರ್ಡ್ ಬಲಿಯುತ್ತದೆ. ಮೇವು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆಮ್ಲ ಹೆಚ್ಚು ಸುರಿದು ಪಿಎಚ್ ಇಳಿಯುತ್ತದೆ. ಸಣ್ಣ ಕರುಳಿನ ಆರಂಭದ ಭಾಗದಿಂದ ಮೇವು ಹಿಮ್ಮುಖವಾಗಿ ಗಿಜಾರ್ಡ್‌ಗೆ ಮರಳುವ ಕ್ರಿಯೆಯೂ ಚುರುಕಾಗುತ್ತದೆ. ಕೊಬ್ಬಿನ ವಿಷಯಕ್ಕೆ ಇದೇ ಮುಖ್ಯ: ಹಿಂದಕ್ಕೆ ಬರುವ ಮೇವಿನ ಜೊತೆ ಪಿತ್ತವೂ ಬರುತ್ತದೆ, ಅರೆಯುವ ಹೊತ್ತಿಗೆ ಎಣ್ಣೆಯ ಜೊತೆ ಚೆನ್ನಾಗಿ ಕಲಸಿಕೊಳ್ಳುತ್ತದೆ. ಪಿತ್ತ ಕಡಿಮೆಯಿರುವ ಮರಿಗೆ ಇದು ಸಣ್ಣ ಸಹಾಯವೇನಲ್ಲ.

ಇಲ್ಲಿ ಎಡವುವುದು ಕಣದ ಗಾತ್ರದಲ್ಲಿ. ಅದೇ ಹೊಟ್ಟನ್ನು ನುಣ್ಣಗೆ ಹಿಟ್ಟು ಮಾಡಿ ಹಾಕಿದರೆ ಗಿಜಾರ್ಡ್‌ಗೆ ಅರೆಯಲು ಏನೂ ಉಳಿಯದು. ಬರೀ ಜಾಗ ತುಂಬಿ ಶಕ್ತಿ ಕಡಿಮೆಯಾಯಿತು, ಅಷ್ಟೇ. ಕಣ 1 ಮಿಲಿಮೀಟರ್‌ಗಿಂತ ದಪ್ಪ ಇರಬೇಕು. ಹಾಗೆಂದು ಇಡೀ ಭತ್ತದ ಹೊಟ್ಟನ್ನೇ ಮ್ಯಾಶ್ (ಪುಡಿರೂಪದ) ಮೇವಿಗೆ ಸುರಿಯುವುದೂ ಸರಿಯಲ್ಲ. ಅದು ಹಗುರ, ಸಾಗಣೆಯಲ್ಲಿ ಬೇರ್ಪಟ್ಟು ಮೇಲೆ ಬರುತ್ತದೆ. ಮರಿಗಳು ಮೆಕ್ಕೆಜೋಳದ ನುಚ್ಚನ್ನು ಆರಿಸಿ ತಿಂದು ಹೊಟ್ಟನ್ನು ತಟ್ಟೆಯಲ್ಲೇ ಬಿಡುತ್ತವೆ. 2 ಮಿಲಿಮೀಟರ್ ಜರಡಿಯ ಹ್ಯಾಮರ್ ಮಿಲ್‌ನಲ್ಲಿ ಒಡೆಸಿ ಕ್ರಂಬಲ್‌ನೊಳಗೆ (ಗುಳಿಗೆ ಮೇವನ್ನು ಒಡೆದ ತುಣುಕು) ಹಿಡಿಸಿದರೆ ಆರಿಸುವ ಪ್ರಶ್ನೆಯೇ ಬರದು. ಒಡೆದ ಮೇಲೆ ಜರಡಿ ಹಿಡಿದು, 1 ಮಿಲಿಮೀಟರ್ ಮೇಲೆ ಎಷ್ಟು ನಿಂತಿತು ನೋಡಿ. ಹೆಚ್ಚಿನದು ಕೆಳಗೆ ಉದುರಿದರೆ ಇನ್ನೂ ದೊಡ್ಡ ತೂತಿನ ಜರಡಿ ಹಾಕಬೇಕು.

ಎಣ್ಣೆ ತೆಗೆದ ಅಕ್ಕಿ ತೌಡಿನಿಂದ ಬಂದ ನಾರನ್ನೂ ಹೊಟ್ಟಿನಿಂದ ಬಂದ ನಾರನ್ನೂ ಒಂದೇ ಅಂಕಣದಲ್ಲಿ ಕೂಡಿಸುವುದು ಇನ್ನೊಂದು ತಪ್ಪು. ತೌಡು ನುಣುಪು, ರಂಜಕವನ್ನು ಹಿಡಿದಿಡುವ ಫೈಟೇಟ್ ಹೆಚ್ಚು, ಗಿಜಾರ್ಡ್‌ಗೆ ಅದರಿಂದ ವ್ಯಾಯಾಮವಿಲ್ಲ.

ಕರಗುವ ನಾರಿನ ಸ್ವಭಾವವೇ ಬೇರೆ. ಗೋಧಿಯ ಅರಬಿನೊಕ್ಸೈಲಾನ್, ಬಾರ್ಲಿಯ ಬೀಟಾ-ಗ್ಲೂಕಾನ್, ಗೌರ್ (ಗೋರಿಕಾಯಿ ಬೀಜ) ಹಿಂಡಿಯ ಗ್ಯಾಲಕ್ಟೊಮನ್ನಾನ್ ನೀರು ಹೀರಿ ಕರುಳಿನೊಳಗೆ ಲೋಳೆಯಾಗುತ್ತವೆ. ಪಿತ್ತ, ಲೈಪೇಸ್, ಎಣ್ಣೆಯ ಹನಿ ಈ ಮೂರೂ ಒಂದನ್ನೊಂದು ಮುಟ್ಟಲು ಆ ಲೋಳೆ ಬಿಡುವುದಿಲ್ಲ. ಜೀರ್ಣವಾಗದೆ ಉಳಿದದ್ದನ್ನು ತಿಂದು ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವು ಪಿತ್ತ ಲವಣಗಳನ್ನೇ ಒಡೆದು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಮೊದಲೇ ಕಡಿಮೆಯಿದ್ದ ಪಿತ್ತಕ್ಕೆ ಇದು ಎರಡನೇ ಪೆಟ್ಟು. ಗೋಧಿ ಮೇವಿಗೆ ಗಟ್ಟಿ ಕೊಬ್ಬು ಹಾಕಿದಾಗ ಆಗುವ ನಷ್ಟ ಮೆಕ್ಕೆಜೋಳದ ಮೇವಿಗೆ ಹಾಕಿದಾಗಿನದಕ್ಕಿಂತ ಬಹಳ ಹೆಚ್ಚಾಗುವುದು ಇದರಿಂದಲೇ. ಗುದದ್ವಾರಕ್ಕೆ ಹಿಕ್ಕೆ ಅಂಟುವುದು, ಹಾಸು ಒದ್ದೆಯಾಗುವುದು ಹೊರಗೆ ಕಾಣುವ ಲಕ್ಷಣಗಳು.

ಪ್ರಯೋಗಾಲಯದ ಕಚ್ಚಾ ನಾರಿನ ಪರೀಕ್ಷೆಯಲ್ಲಿ ಮಾದರಿಯನ್ನು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸುತ್ತಾರೆ. ಲೋಳೆಯಾಗುವ ನಾರು ಆ ನೀರಿನಲ್ಲೇ ಹರಿದುಹೋಗುತ್ತದೆ. ಗೋಧಿಯ ಕಚ್ಚಾ ನಾರು ಶೇ. 3ರ ಆಸುಪಾಸು ಎಂದು ವರದಿ ಬಂದರೂ ಅದರಲ್ಲಿ ಅರಬಿನೊಕ್ಸೈಲಾನ್ ಒಂದೇ ಅದಕ್ಕಿಂತ ಹೆಚ್ಚಿರುತ್ತದೆ. ಗೋಧಿಗೆ ಕ್ಸೈಲನೇಸ್, ಬಾರ್ಲಿಗೆ ಬೀಟಾ-ಗ್ಲೂಕನೇಸ್, ಗೌರ್‌ಗೆ ಬೀಟಾ-ಮನ್ನನೇಸ್ ಕಿಣ್ವ ಬೇಕು. ಪೆಲೆಟ್ (ಗುಳಿಗೆ) ಮಾಡುವ ಮೊದಲು ಮೇವನ್ನು ಹಬೆಯಲ್ಲಿ ಬಿಸಿಮಾಡುವ ಕಂಡಿಷನರ್ 85 ಡಿಗ್ರಿ ದಾಟುತ್ತಿದ್ದರೆ ಶಾಖ ತಡೆಯುವ ಕಿಣ್ವವೇ ಆಗಬೇಕು, ಇಲ್ಲವೇ ಪೆಲೆಟ್ ತಣಿದ ಮೇಲೆ ದ್ರವರೂಪದಲ್ಲಿ ಸಿಂಪಡಿಸಬೇಕು.

ಈಗ ಎರಡನ್ನೂ ಒಂದೇ ಕಾಗದದ ಮೇಲೆ ತರೋಣ. 100 ಕಿಲೋ ಮೇವಿನಲ್ಲಿ 3 ಕಿಲೋ ಮೆಕ್ಕೆಜೋಳ ತೆಗೆದು 3 ಕಿಲೋ ಹೊಟ್ಟು ಹಾಕಿದೆವು ಎನ್ನಿ. ಮೆಕ್ಕೆಜೋಳದ ಶಕ್ತಿ ಕಿಲೋಗೆ 3350 ಕಿಲೋ ಕ್ಯಾಲರಿ, ಹೊಟ್ಟಿನದು ಸೊನ್ನೆ ಎಂದು ಹಿಡಿದರೆ ಮೇವಿನ ಶಕ್ತಿ ಕಿಲೋಗೆ ಸುಮಾರು 100 ಇಳಿಯುತ್ತದೆ. ಅದನ್ನು ತುಂಬಲು ಕಿಲೋಗೆ 8800 ಕಿಲೋ ಕ್ಯಾಲರಿ ಇರುವ ಎಣ್ಣೆ ಬೇಕು. ಜೋಳದ ಜಾಗದಲ್ಲಿ ಹಾಕುವ ಪ್ರತಿ ಕಿಲೋ ಎಣ್ಣೆಯಿಂದ ಮೇವಿನ ಕಿಲೋಗೆ ಹೆಚ್ಚುವುದು 54 ಚಿಲ್ಲರೆ ಕಿಲೋ ಕ್ಯಾಲರಿ. ಅಂದರೆ 1.8 ಕಿಲೋಗಿಂತ ಹೆಚ್ಚು ಎಣ್ಣೆ. ಒಟ್ಟು ಸುಮಾರು 4.8 ಕಿಲೋ ಜೋಳ ಹೊರಹೋಗಿ ಪ್ರೋಟೀನು ಕೂಡ 0.4% ಇಳಿಯಿತು, ಅದನ್ನು ಸೋಯಾ ಹಿಂಡಿಯಿಂದ ತುಂಬಬೇಕು. ಮೊದಲೇ 2% ಎಣ್ಣೆ ಇದ್ದ ಮೇವು ಈಗ ಹತ್ತಿರಹತ್ತಿರ 4%. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ 8800 ಎಂಬುದು ಬಲಿತ ಹಕ್ಕಿಯ ಅಂಕಿ, ಐದು ದಿನದ ಮರಿಯ ಕರುಳಿಗೆ ಅಷ್ಟು ದಕ್ಕುವುದಿಲ್ಲ. ಎಣ್ಣೆಯ ಬದಲು ಗಟ್ಟಿ ಕೊಬ್ಬು ಹಾಕಿದ್ದರೆ ಇನ್ನೂ ಕಡಿಮೆ. ಗಿಜಾರ್ಡ್ ಬೆಳೆಸಲೆಂದು ಹಾಕಿದ ನಾರಿನ ಲಾಭವನ್ನು ಅದನ್ನು ಸರಿದೂಗಿಸಲು ಹಾಕಿದ ಕೊಬ್ಬೇ ನುಂಗಿಬಿಡುತ್ತದೆ. ‘ನಾರು ಹಾಕಿ ನೋಡಿದೆವು, ತೂಕ ಬರಲಿಲ್ಲ’ ಎನ್ನುವ ದೂರುಗಳಲ್ಲಿ ಬಹಳಷ್ಟರ ಬುಡ ಇಲ್ಲಿದೆ.

ಇದಕ್ಕೆ ನಮ್ಮ ಸಲಹೆ: ಮೊದಲ ಹತ್ತು ದಿನ ಹೊಟ್ಟು 2% ಸಾಕು. ಶಕ್ತಿ ಕಿಲೋಗೆ 65–70 ಕಿಲೋ ಕ್ಯಾಲರಿ ಇಳಿದರೆ ಇಳಿಯಲಿ ಬಿಡಿ. ಮೊದಲ ವಾರ ಒಂದು ಮರಿ ತಿನ್ನುವುದೇ ಸುಮಾರು 150 ಗ್ರಾಂ. ಅಷ್ಟು ಇಳಿದರೆ ಮರಿಗೆ ಖೋತಾ ಆಗುವುದು ಇಡೀ ವಾರಕ್ಕೆ ಸುಮಾರು ಹತ್ತು ಕಿಲೋ ಕ್ಯಾಲರಿ, ಒಂದು ಗ್ರಾಂ ಎಣ್ಣೆಗಿಂತ ತುಸು ಹೆಚ್ಚು ಅಷ್ಟೇ. ಆದರೆ ಲೈಸಿನ್, ಮೆಥಿಯೊನಿನ್ ಎಂಬ ಅಮೈನೋ ಆಮ್ಲಗಳ ಮಟ್ಟ ಇಳಿಸಬೇಡಿ. ಎಣ್ಣೆಯನ್ನು ಮುಂದಿನ ಹಂತದ ಮೇವಾದ ಸ್ಟಾರ್ಟರ್‌ನಲ್ಲಿ 3%ಗೆ, ಅದರ ನಂತರದ ಗ್ರೋವರ್‌ನಲ್ಲಿ 4–5%ಗೆ ಏರಿಸುತ್ತ ಹೋಗಿ. ಮರದ ಹೊಟ್ಟಿನ ಹಾಸಿನ ಮೇಲೆ ಬೆಳೆಯುವ ಮರಿಗಳು ಹಾಸನ್ನೂ ಕೊಕ್ಕಿನಿಂದ ಕುಕ್ಕಿ ತಿನ್ನುತ್ತವೆ ಎಂಬುದೂ ನೆನಪಿರಲಿ. ಮ್ಯಾಶ್ ಮೇವಿನಲ್ಲಿ ಮೆಕ್ಕೆಜೋಳದ ನುಚ್ಚೂ ಒರಟಾಗಿದ್ದರೆ ಬೇರೆ ಹೊಟ್ಟಿನ ಅಗತ್ಯವೇ ಬೀಳದಿರಬಹುದು. ನುಣ್ಣಗೆ ಅರೆದು ಮಾಡಿದ ಪೆಲೆಟ್, ಕ್ರಂಬಲ್ ತಿನ್ನುವ ಮರಿಗೆ ಹೊಟ್ಟಿನ ಲಾಭ ಜಾಸ್ತಿ.

ಎಣ್ಣೆಯ ಗುಣಮಟ್ಟದ ಬಗ್ಗೆ ಒಂದೆರಡು ಮಾತು. ಎಣ್ಣೆ ಎಷ್ಟು ಕೆಟ್ಟಿದೆ ಎಂದು ಅಳೆಯುವ ಪೆರಾಕ್ಸೈಡ್ ಅಂಕ ಕಡಿಮೆ ಬಂತೆಂದು ನಿಶ್ಚಿಂತರಾಗಬೇಡಿ. ಎಣ್ಣೆ ಕೆಡುವಾಗ ಪೆರಾಕ್ಸೈಡ್ ಮೊದಲು ಏರಿ ಆಮೇಲೆ ಒಡೆದು ಆಲ್ಡಿಹೈಡ್‌ಗಳಾಗುತ್ತವೆ, ಹಾಗಾಗಿ ಪೂರಾ ಕೆಟ್ಟ ಎಣ್ಣೆಯಲ್ಲೂ ಆ ಅಂಕ ತಗ್ಗಿರಬಹುದು. ಆ ಆಲ್ಡಿಹೈಡ್‌ಗಳನ್ನು ಅಳೆಯುವ ಅನಿಸಿಡಿನ್ ಅಂಕವನ್ನೂ ಕೇಳಿ ಪಡೆಯಿರಿ. ಟ್ಯಾಂಕಿನಲ್ಲಿ ಹಿತ್ತಾಳೆ, ತಾಮ್ರದ ನಲ್ಲಿ ಬೇಡ, ಆ ಲೋಹ ಕಮಟನ್ನು ಬೇಗ ತರುತ್ತದೆ. ತಳದಲ್ಲಿ ಕೂತ ಗಸಿಯನ್ನು ಹೊಸ ಎಣ್ಣೆ ತುಂಬುವ ಮೊದಲೇ ಬಸಿದು ಹಾಕಿ. ಕೆಟ್ಟ ಎಣ್ಣೆ ಮೇವಿನ ವಿಟಮಿನ್ ಇ ಯನ್ನು ಸುಟ್ಟುಹಾಕುತ್ತದೆ. ಎರಡು–ನಾಲ್ಕು ವಾರದ ಮರಿಗಳು ತೂರಾಡಿ, ತಲೆ ಹಿಂದಕ್ಕೆ ಎಳೆದು ಬೀಳತೊಡಗಿದರೆ ರಾಣಿಕೆಟ್ ರೋಗದ ಜೊತೆಗೆ ಇದನ್ನೂ ಅನುಮಾನಿಸಬೇಕು.

ಮಿಕ್ಸರ್‌ನಲ್ಲಿ ಒಣ ಪದಾರ್ಥ, ಪ್ರೀಮಿಕ್ಸ್ (ವಿಟಮಿನ್, ಖನಿಜಗಳ ಮಿಶ್ರಣ) ಎಲ್ಲ ಒಂದೆರಡು ನಿಮಿಷ ಬೆರೆತ ಮೇಲಷ್ಟೇ ಎಣ್ಣೆ ಬರಲಿ, ಅದೂ ಸಿಂಪಡಣೆಯಾಗಿ. ಒಂದೇ ಕಡೆ ಸುರಿದರೆ ಉಂಡೆ ಕಟ್ಟಿ, ವಿಟಮಿನ್ನು, ಔಷಧಿ ಎಲ್ಲ ಆ ಉಂಡೆಗೇ ಅಂಟುತ್ತವೆ. ಮಿಕ್ಸರ್‌ಗೆ 3%ಗಿಂತ ಹೆಚ್ಚು ಎಣ್ಣೆ ಹೋದರೆ ಪೆಲೆಟ್ ಪುಡಿಯಾಗುತ್ತದೆ. ಮಿಕ್ಕದ್ದನ್ನು ಪೆಲೆಟ್ ಆದ ಮೇಲೆ ಸಿಂಪಡಿಸಿ.

ಮೇವು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಏಳನೇ ಮತ್ತು ಹದಿನಾಲ್ಕನೇ ದಿನ ಕೆಲವು ಮರಿಗಳನ್ನು ಕೊಯ್ದು ನೋಡಿ. ಗಿಜಾರ್ಡ್ ಬೆರಳಲ್ಲಿ ಒತ್ತಿದರೆ ಬಿಗಿಯಾಗಿರಬೇಕು, ಅದರ ಮೇಲಿನ ಗ್ರಂಥಿ ಜಠರದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು. ಎರಡೂ ಒಂದೇ ಜೋಲು ಚೀಲದಂತಿದ್ದರೆ ಒರಟು ಕಣ ಸಾಲದು. ಸೀಳಿದಾಗ ಬರೀ ಹಾಸಿನ ಚೂರುಗಳೇ ತುಂಬಿದ್ದರೆ ಮರಿ ಹಸಿದಿದೆ ಅಥವಾ ಮೇವಿನಲ್ಲಿ ನಾರು ಹುಡುಕಿ ಸೋತಿದೆ. ತಟ್ಟೆಗಳ ಸಂಖ್ಯೆಯನ್ನೂ ಎತ್ತರವನ್ನೂ ಮೊದಲು ಪರೀಕ್ಷಿಸಿ, ಸೂತ್ರಕ್ಕೆ ಆಮೇಲೆ ಕೈ ಹಾಕಿ.