ಡ್ರೈವ್ ಲೆಟರ್ ಪೆನ್ ಡ್ರೈವಿನ ಒಳಗೆ ಇರುದಿಲ್ಲ ಮಾರಾಯ್ರೆ

ಮಾರ್ಚ್ ಎಂಡ್ ಹತ್ತಿರ ಬಂತು ಅಂದ್ರೆ ಮಂಗಳೂರಿನ ಹಂಪನಕಟ್ಟೆ, ಬಂದರು, ಕಂಕನಾಡಿ ಕಡೆಯ ಆಫೀಸುಗಳಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನದ್ದು ಒಂದೇ ಕತೆ. "ಸರ್, ಬ್ಯಾಕಪ್ ಹೋಗ್ತಾ ಇಲ್ಲ, ಪೆನ್ ಡ್ರೈವ್ ಹಾಳಾಗಿದೆ ಕಾಣ್ತದೆ, ಒಮ್ಮೆ ಬಂದು ಹೋಗಿ." ಹೋಗಿ ನೋಡಿದ್ರೆ ಪೆನ್ ಡ್ರೈವಿಗೆ ಎಂತದೂ ಆಗಿರುದಿಲ್ಲ. ವಿಂಡೋಸ್ ಡ್ರೈವಿಗೆ ಕೊಡುವ ಅಕ್ಷರ, ಅಂದ್ರೆ ಡ್ರೈವ್ ಲೆಟರ್, ನಿನ್ನೆ ಇ ಅಂತ ಕಾಣ್ತಿದ್ದದ್ದು ಇವತ್ತು ಎಫ್ ಆಗಿದೆ, ಬ್ಯಾಕಪ್ಪಿಗೆ ಅಂತ ಕಮಾಂಡ್ ಬರೆದಿಟ್ಟ ಫೈಲ್, ಅಂದ್ರೆ ಸ್ಕ್ರಿಪ್ಟ್, ಪಾಪ ಇಲ್ಲದ ಇ ಡ್ರೈವನ್ನು ಹುಡುಕ್ತಾ ಕೂತಿದೆ. ಕೆಲವರದ್ದು ಇನ್ನೂ ಚಂದ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾವನ್ನೇ ಪೆನ್ ಡ್ರೈವಲ್ಲಿ ಇಟ್ಟುಕೊಂಡು ಆಫೀಸಿಗೂ ಮನೆಗೂ ತಗೊಂಡು ತಿರುಗ್ತಾರೆ, ಲೆಟರ್ ಬದಲಾದ ದಿನ ಕಂಪೆನಿ ಲಿಸ್ಟೇ ಖಾಲಿ, ಆಗ ಮಂಡೆಬಿಸಿ ಶುರು.

ಲೆಟರ್ ಫಿಕ್ಸ್ ಮಾಡುದು ಕಷ್ಟ ಏನಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಲೆಟರ್ ಬದಲಾಯಿಸಿದ್ರೆ ಆಯ್ತು, ಅದನ್ನು ಇಲ್ಲಿ ವಿವರಿಸ್ಲಿಕ್ಕೆ ಹೋಗುದಿಲ್ಲ, ನಿಮ್ಮ ಮನೆಯ ಪಿಯುಸಿ ಹುಡುಗನೂ ಮಾಡಿಕೊಡ್ತಾನೆ. ನನಗೆ ಪಿರಿಪಿರಿ ಆಗುದು ಅದರ ನಂತರ ಬರುವ ಫೋನಿನಿಂದ. "ನೀವು ಪಿ ಅಂತ ಮಾಡಿ ಕೊಟ್ಟಿದ್ರಲ್ಲ ಸರ್, ಮನೆ ಲ್ಯಾಪ್‌ಟಾಪಿಗೆ ಹಾಕಿದ್ರೆ ಡಿ ತೋರಿಸ್ತದೆ, ನೀವು ಮಾಡಿದ್ದು ಸರಿ ಕೂತಿಲ್ಲ."

ಎಂತ ಹೇಳುದು ಇವರಿಗೆ. ಆ ಪಿ ಇರುದು ಪೆನ್ ಡ್ರೈವಲ್ಲಿ ಅಲ್ಲ, ನಿಮ್ಮ ಆಫೀಸಿನ ಕಂಪ್ಯೂಟರಲ್ಲಿ. ಆಸ್ಪತ್ರೆಯ ಕೌಂಟರಲ್ಲಿ ಕೊಡುವ ಟೋಕನ್ ನಂಬರ್ ಇದ್ದ ಹಾಗೆ ಅದು, ಇಲ್ಲಿ ನಿಮ್ಮದು ಹದಿನಾರು, ಬೇರೆ ಆಸ್ಪತ್ರೆಗೆ ಹೋದ್ರೆ ಅವರು ಬೇರೆ ಕೊಡ್ತಾರೆ, ನಿಮ್ಮ ಮೈ ಮೇಲೆ ಯಾರೂ ನಂಬರ್ ಬರೆದಿರುದಿಲ್ಲ. ವಿಂಡೋಸ್ ಒಳಗೆ ಮೌಂಟ್ ಮ್ಯಾನೇಜರ್ ಅಂತ ಒಬ್ಬ ಇದ್ದಾನೆ, ಯಾವ ಡ್ರೈವಿಗೆ ಯಾವ ಲೆಟರ್ ಕೊಟ್ಟೆ ಅಂತ ಅವನು ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಇಡುವ ಕಡೆ, ಮೌಂಟೆಡ್ ಡಿವೈಸಸ್ ಎನ್ನುವ ಜಾಗದಲ್ಲಿ ಬರೆದಿಡ್ತಾನೆ. ಡಿಸ್ಕನ್ನು ಭಾಗ ಮಾಡುವ ಹಳೇ ಕ್ರಮ, ಎಂಬಿಆರ್ ಥರದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆದ್ರೆ ಅಲ್ಲಿ ಇರುದು ಬರೀ 12 ಬೈಟ್, ಡಿಸ್ಕಿನ ಸಹಿ 4, ಪಾರ್ಟಿಷನ್ (ಡಿಸ್ಕಿನ ಭಾಗ) ಎಲ್ಲಿಂದ ಶುರು ಎನ್ನುವುದು 8. ಪೆನ್ ಡ್ರೈವ್ ಆದ್ರೆ ಡಿವೈಸಿನ ಉದ್ದ ಹೆಸರು ಪೂರ್ತಿ ಇರ್ತದೆ. ಅಂದ್ರೆ ಬರಹ ಎಲ್ಲಾ ಆ ಕಂಪ್ಯೂಟರಿನ ಡೈರಿಯಲ್ಲಿ. ಮನೆಯ ಲ್ಯಾಪ್‌ಟಾಪಿಗೆ ಆ ಡೈರಿ ಓದ್ಲಿಕ್ಕೆ ಸಿಗುದಿಲ್ಲ, ಅದಕ್ಕೆ ನಿಮ್ಮ ಪಿ ಗೊತ್ತಿಲ್ಲ, ಗೊತ್ತಾಗ್ಲಿಕ್ಕೂ ಇಲ್ಲ. ವಿಂಡೋಸ್ ಹೊಸತಾಗಿ ಹಾಕಿಸಿದ್ರೂ ಇದೇ ಪಾಡು, ಡೈರಿ ಹೋಯ್ತು, ಪಿ ಹೋಯ್ತು.

ಇಷ್ಟು ಹೇಳಿದ ಮೇಲೂ ಇನ್ನೊಂದು ಉಂಟು. ಅದೇ ಕಂಪ್ಯೂಟರಲ್ಲೂ ಈ ಲೆಟರ್ ರಿಸರ್ವೇಷನ್ ಅಲ್ಲ. ಡ್ರೈವ್ ತೆಗೆದಿಟ್ಟಿದ್ದಾಗ ಆ ಲೆಟರ್ ಖಾಲಿ, ಬೇರೆ ಯಾವುದೋ ಡ್ರೈವ್ ಬಂದು ಕೂತ್ಕೊಂಡ್ರೆ ಕೂತ್ಕೊಂಡದ್ದೇ, ನಿಮ್ಮದು ವಾಪಸ್ ಬಂದಾಗ ಅದಕ್ಕೆ ಬೇರೆ ಲೆಟರ್. ವಿಂಡೋಸ್ ಸಿಯಿಂದ ಮೇಲಕ್ಕೆ ಹುಡುಕ್ತಾ ಮೊದಲು ಸಿಕ್ಕಿದ ಖಾಲಿ ಲೆಟರ್ ಕೊಡ್ತದೆ, ಹಾಗಾಗಿ ಇ, ಎಫ್ ಅಂತೆಲ್ಲ ಫಿಕ್ಸ್ ಮಾಡುದು ವೇಸ್ಟ್, ಕಾರ್ಡ್ ರೀಡರ್ ಇರುವ ಹಳೇ ಕ್ಯಾಬಿನೆಟ್ ಆದ್ರಂತೂ ಖಾಲಿ ಸ್ಲಾಟುಗಳೇ ನಾಲ್ಕು ಲೆಟರ್ ನುಂಗ್ತವೆ. ನೆಟ್‌ವರ್ಕ್ ಡ್ರೈವುಗಳನ್ನು ಜನ ಸಾಮಾನ್ಯವಾಗಿ ಝಡ್‌ನಿಂದ ಕೆಳಗೆ ಕೊಡ್ತಾ ಬರ್ತಾರೆ. ಅದಕ್ಕೇ ನಾನು ಮಧ್ಯದ್ದು, ಪಿ ಅಥವಾ ಕ್ಯೂ ಕೊಡುದು. ಜಗಳ ಕಡಿಮೆ, ಗ್ಯಾರಂಟಿ ಅಲ್ಲ.

ಪೋರ್ಟ್ ಬದಲಾದ್ರೆ ಲೆಟರ್ ಬದಲಾಗ್ತದಾ ಅಂತ ಕೇಳ್ತಾರೆ. ಒಳ್ಳೆ ಪೆನ್ ಡ್ರೈವಿಗೆ ಅದರದ್ದೇ ಸೀರಿಯಲ್ ನಂಬರ್ ಇರ್ತದೆ, ಯಾವ ಪೋರ್ಟಿಗೆ ಚುಚ್ಚಿದ್ರೂ ವಿಂಡೋಸಿಗೆ ಗುರುತು ಸಿಗ್ತದೆ. ಕಡಿಮೆ ರೇಟಿನ, ಗಿಫ್ಟ್ ಬಂದ ಕೆಲವದಕ್ಕೆ ಸೀರಿಯಲ್ಲೇ ಇರುದಿಲ್ಲ, ಆಗ ವಿಂಡೋಸ್ ತಾನೇ ಒಂದು ಐಡಿ ಮಾಡಿಕೊಳ್ತದೆ, ಅದು ಪೋರ್ಟಿಗೆ ಅಂಟಿಕೊಂಡದ್ದು, ಪೋರ್ಟ್ ಬದಲಾದ್ರೆ ಅದರ ಲೆಕ್ಕಕ್ಕೆ ಇದು ಬೇರೆಯೇ ಡ್ರೈವ್. ಡಿವೈಸ್ ಮ್ಯಾನೇಜರಲ್ಲಿ ಇನ್‌ಸ್ಟೆನ್ಸ್ ಐಡಿ ಅಂತ ಉಂಟು, ಅದರ ಕೊನೆಯ ತುಂಡಿನ ಎರಡನೇ ಅಕ್ಷರ ಆಂಪರ್‌ಸ್ಯಾಂಡ್ (&) ಆಗಿದ್ರೆ ಸೀರಿಯಲ್ ಇಲ್ಲದ ಮಾಲು ಅಂತ ತಿಳ್ಕೊಳ್ಳಿ. ನಮ್ಮ ಊರಲ್ಲಿ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಪೋರ್ಟ್ ಸುಟ್ಟು ಹೋಗುದು ಹೊಸತಲ್ಲ, ಮುಂದಿನ ಪೋರ್ಟ್ ಸತ್ತಿತು ಅಂತ ಹಿಂದಿನದ್ದಕ್ಕೆ ಹಾಕ್ತಾರೆ, ಅಲ್ಲಿಗೆ ಬ್ಯಾಕಪ್ಪಿನ ಕತೆಯೂ ಮುಗೀತು, ಸಿಡಿಲಿಗೂ ಬ್ಯಾಕಪ್ಪಿಗೂ ಸಂಬಂಧ ಉಂಟು ಅಂತ ಯಾರಿಗೆ ಹೊಳೀತದೆ ಹೇಳಿ.

ಈಗ ಸ್ಕ್ರಿಪ್ಟಿನ ವಿಷಯ. ಇಂಟರ್‌ನೆಟ್ಟಲ್ಲಿ ಸಿಗುವ ಸ್ಕ್ರಿಪ್ಟುಗಳಲ್ಲಿ ಜಾಸ್ತಿ ಕಾಣುದು, ಡಿಸ್ಕು, ಪಾರ್ಟಿಷನ್ ಬದಲಾಯಿಸುವ ವಿಂಡೋಸ್ ಕಮಾಂಡ್ ಡಿಸ್ಕ್‌ಪಾರ್ಟಿನದ್ದು. ಒಂದು ಟೆಕ್ಸ್ಟ್ ಫೈಲಲ್ಲಿ ಸೆಲೆಕ್ಟ್ ವಾಲ್ಯೂಮ್ 3 (ವಾಲ್ಯೂಮ್ ಅಂದ್ರೆ ಲೆಟರ್ ಕೊಡುವ ಡ್ರೈವ್), ಆಮೇಲೆ ಅಸೈನ್ ಲೆಟರ್ ಪಿ, ಅದನ್ನು ಡಿಸ್ಕ್‌ಪಾರ್ಟಿಗೆ ಸ್ಲ್ಯಾಶ್ ಎಸ್ ಕೊಟ್ಟು ಓಡಿಸುದು. ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಆ 3 ಎಲ್ಲಿಂದ ಬಂತು? ಅದು ಆ ಹೊತ್ತಿಗೆ ಲಿಸ್ಟಲ್ಲಿ ಇದ್ದ ನಂಬರ್, ನಾಳೆ ಇನ್ನೊಂದು ಡಿಸ್ಕ್ ಸಿಕ್ಕಿಸಿದ್ರೆ ಆ 3 ಬೇರೆಯವರದ್ದು. ಲೆಟರ್ ನಂಬ್ಲಿಕ್ಕೆ ಆಗುದಿಲ್ಲ ಅಂತ ಸ್ಕ್ರಿಪ್ಟ್ ಬರೆದು, ಲೆಟರಿಗಿಂತ ಕಡೆಯಾದ ನಂಬರನ್ನು ನಂಬಿದ ಹಾಗೆ ಆಯ್ತು. ಅದರಲ್ಲೂ ಡಿಸ್ಕ್‌ಪಾರ್ಟ್ ಯಾರನ್ನೂ ಎರಡು ಸಲ ಕೇಳುವ ಜನ ಅಲ್ಲ, ಫಾರ್ಮ್ಯಾಟ್ ಅಂದ್ರೆ ಫಾರ್ಮ್ಯಾಟ್, ಕ್ಲೀನ್ ಅಂದ್ರೆ ಕ್ಲೀನ್. ಅರ್ಥ ಆಗದ ಸ್ಕ್ರಿಪ್ಟಲ್ಲಿ ಆ ಹೆಸರು ಕಂಡ್ರೆ ದಯವಿಟ್ಟು ಓಡಿಸ್ಬೇಡಿ.

ಬಂದರಿನ ಒಂದು ಹೋಲ್‌ಸೇಲ್ ಅಂಗಡಿ. ಯಜಮಾನ್ರು ತುಂಬಾ ಒಳ್ಳೆ ಜನ, ಹೋದ ಕೂಡ್ಲೆ ಬೊಂಡ ತರಿಸ್ತಾರೆ, ಬಿಲ್ಲಲ್ಲಿ ಮಾತ್ರ ಚೌಕಾಸಿ. ಅವರ ಅಕ್ಕನ ಮಗ ಇಂಜಿನಿಯರಿಂಗ್ ಓದುವವ, ವಿಂಡೋಸಿನ ಫೈಲ್ ಕಾಪಿ ಕಮಾಂಡ್ ರೋಬೋಕಾಪಿ ಹಾಕಿ ಒಂದು ಬ್ಯಾಕಪ್ ಬರೆದುಕೊಟ್ಟಿದ್ದ, ಸ್ಲ್ಯಾಶ್ ಎಂಐಆರ್ ಸೇರಿಸಿ, ನೇರ ಇ ಡ್ರೈವಿನ ಬುಡಕ್ಕೆ, ಯಾವ ಫೋಲ್ಡರೂ ಇಲ್ಲದೆ. ಎಂಐಆರ್ ಅಂದ್ರೆ ಕನ್ನಡಿ, ಮೂಲದಲ್ಲಿ ಇಲ್ಲದ್ದು ಆಚೆ ಕಡೆಯಲ್ಲೂ ಇರಬಾರದು, ಇದ್ರೆ ಅಳಿಸ್ತದೆ. ಸುಮಾರು ಸಮಯ ಚಂದವೇ ನಡೀತಿತ್ತು. ಒಂದಿನ ಮಗಳ ಪೆನ್ ಡ್ರೈವ್ ಪ್ರಿಂಟ್ ತೆಗೀಲಿಕ್ಕೆ ಅಂತ ಹಾಕಿದ್ದು ಹಾಗೇ ಇತ್ತು, ಇ ಲೆಟರ್ ಅದಕ್ಕೆ ಸಿಕ್ಕಿತ್ತು, ಸಂಜೆ ಕ್ಲರ್ಕ್ ಎಂದಿನ ಹಾಗೆ ಐಕಾನ್ ಒತ್ತಿದ. ಕಪ್ಪು ಕಿಟಕಿಯಲ್ಲಿ ಒಂದರ ಕೆಳಗೆ ಒಂದು ಎಕ್ಸ್‌ಟ್ರಾ ಫೈಲ್, ಎಕ್ಸ್‌ಟ್ರಾ ಫೈಲ್ ಅಂತ ಸಾಲು ಓಡಿದ್ದನ್ನು ಅವನು ನೋಡಿದ್ದಾನೆ, "ಇವತ್ತು ಎಕ್ಸ್‌ಟ್ರಾ ಬ್ಯಾಕಪ್ ಆಗ್ತಾ ಉಂಟು ಅಂತ ತಿಳ್ಕೊಂಡೆ ಸರ್" ಅಂತ ನನ್ನ ಹತ್ರ ಹೇಳಿದ. ಆ ಪ್ರತಿಯೊಂದು ಸಾಲು ಅಳಿಸಿ ಹೋಗುವ ಒಂದು ಫೈಲ್. ಮಗಳ ಕಾಲೇಜ್ ಪ್ರಾಜೆಕ್ಟ್, ಫೋಟೋ ಎಲ್ಲ ಹೋಗಿ ಅದರ ಜಾಗದಲ್ಲಿ ಅಪ್ಪನ ಜಿಎಸ್‌ಟಿ ಬಿಲ್ಲು. ರಿಕವರಿ ಸಾಫ್ಟ್‌ವೇರಲ್ಲಿ ಸ್ವಲ್ಪ ವಾಪಸ್ ಬಂತು, ಹೆಸರಿಲ್ಲದೆ, ಕೆಲವು ಅರ್ಧಂಬರ್ಧ, ಹೊಸ ಫೈಲು ಬರೆದುಕೊಂಡ ಜಾಗದ್ದು ಬರ್ಲಿಲ್ಲ. ಹುಡುಗಿ ಅಪ್ಪನ ಹತ್ರ ಮಾತಾಡ್ತಿಲ್ಲ ಅಂತ ಯಜಮಾನ್ರು ನನ್ನ ಮುಖ ನೋಡಿದ್ರು, ನಾನೆಂತ ಮಾಡ್ಲಿ.

ನೋಡಿ, ಅಲ್ಲಿ ಇ ಬದಲು ಪಿ ಅಂತ ಫಿಕ್ಸ್ ಮಾಡಿದ್ರೆ ಸಾಕಿತ್ತು ಅಂತ ನೀವು ಹೇಳ್ಬಹುದು. ಅಪಾಯ ಕಡಿಮೆ ಆಗ್ತಿತ್ತು, ಹೌದು. ಆದ್ರೆ ಸ್ಕ್ರಿಪ್ಟ್ ಕೇಳ್ಬೇಕಾದ ಪ್ರಶ್ನೆ ಪಿ ಉಂಟಾ ಅಂತ ಅಲ್ಲ, ಪಿಯಲ್ಲಿ ಕೂತದ್ದು ನಮ್ಮ ಡ್ರೈವೇ ಹೌದಾ ಅಂತ.

ಅದಕ್ಕೆ ಗುರುತು ಡ್ರೈವಿನ ಒಳಗೇ ಬೇಕು. ಸುಲಭದ್ದು ಲೇಬಲ್, ಅಂದ್ರೆ ಡ್ರೈವಿನ ಹೆಸರು. ಇದಾದ್ರೆ ನಿಜವಾಗಿ ಡ್ರೈವಲ್ಲೇ ಬರೆದಿರುದು, ಮನೆಗೆ ಹೋದ್ರೂ ಕಾರ್ಕಳಕ್ಕೆ ಹೋದ್ರೂ ಜೊತೆಗೆ ಬರ್ತದೆ. ಡ್ರೈವ್ ಫಾರ್ಮ್ಯಾಟ್ ಮಾಡಿದ ಕ್ರಮ ಫ್ಯಾಟ್ 32 ಆದ್ರೆ ಹೆಸರಿಗೆ 11 ಅಕ್ಷರ, ಎನ್‌ಟಿಎಫ್‌ಎಸ್ ಆದ್ರೆ 32. ವಿಂಡೋಸಿನ ಕಮಾಂಡ್ ಕಿಟಕಿ ಪವರ್‌ಶೆಲ್ಲಲ್ಲಿ ಗೆಟ್-ವಾಲ್ಯೂಮ್‌ಗೆ ಆ ಲೇಬಲ್ ಕೊಟ್ರೆ ಡ್ರೈವ್ ಸಿಗ್ತದೆ, ಅದನ್ನು ಗೆಟ್-ಪಾರ್ಟಿಷನ್‌ಗೆ ದಾಟಿಸಿ ಸೆಟ್-ಪಾರ್ಟಿಷನ್‌ನಲ್ಲಿ ಹೊಸ ಲೆಟರ್ ಪಿ ಅಂದ್ರೆ ಮುಗೀತು, ಒಂದು ಸಾಲಿನ ಕೆಲಸ. ಅಡ್ಮಿನ್ ಆಗಿ ಓಡಿಸ್ಬೇಕು, ಇಲ್ಲದಿದ್ರೆ ಆಕ್ಸೆಸ್ ಡಿನೈಡ್. ಪಿ ಆಗಲೇ ಬೇರೆಯವರ ಹತ್ರ ಇದ್ರೆ ಎರರ್ ಕೊಡ್ತದೆ, ಕೊಡ್ಲಿ, ಆ ಎರರನ್ನು ಮುಚ್ಚಿಡುವ ಸ್ಕ್ರಿಪ್ಟ್ ಬರೀಬೇಡಿ, ಅಲ್ಲೇ ನಿಲ್ಲಿಸಿ. ಒಂದೇ ಲೇಬಲಿನ ಎರಡು ಡ್ರೈವ್ ಸಿಕ್ಕಿದ್ರೂ ನಿಲ್ಲಿಸಿ.

ಮೌಂಟ್‌ವಾಲ್ ಅಂತ ಇನ್ನೊಂದು ಹಳೇ ಕಮಾಂಡ್ ಉಂಟು, ವಾಲ್ಯೂಮಿನ ಉದ್ದದ ಐಡಿ ಕೊಟ್ಟು ಲೆಟರ್ ಹಚ್ಚುದು. ಒಂದೇ ಕಂಪ್ಯೂಟರಿಗೆ ಅದು ಸರಿಯೇ. ಆ ಐಡಿಯನ್ನು ಕಾಪಿ ಮಾಡಿ ಇನ್ನೊಂದು ಕಂಪ್ಯೂಟರಿನ ಸ್ಕ್ರಿಪ್ಟಿಗೆ ಹಾಕಿದ್ರೆ ನಡೀತದೆ ಅಂತ ಲೆಕ್ಕ ಹಾಕ್ಬೇಡಿ.

ನಿಜ ಹೇಳ್ಬೇಕಾದ್ರೆ ತುಂಬಾ ಜನರಿಗೆ ಫಿಕ್ಸ್ ಲೆಟರೇ ಬೇಡ. ಬ್ಯಾಚ್ ಫೈಲನ್ನು, ಅಂದ್ರೆ ಕಮಾಂಡುಗಳ ಸ್ಕ್ರಿಪ್ಟ್ ಫೈಲನ್ನು, ಪೆನ್ ಡ್ರೈವಲ್ಲೇ ಇಟ್ರೆ ತಾನು ಯಾವ ಡ್ರೈವಲ್ಲಿ ಇದ್ದೇನೆ ಅಂತ ಅದಕ್ಕೇ ಗೊತ್ತಿರ್ತದೆ, ಪರ್ಸೆಂಟ್ ಟಿಲ್ಡೆ ಡಿ ಸೊನ್ನೆ (%~d0) ಅಂತ ಬರೆದ ಕಡೆ ಆ ಲೆಟರ್ ತಾನಾಗಿ ಬಂದು ಕೂತ್ಕೊಳ್ತದೆ. ಆಮೇಲೆ ಇ ಆದ್ರೆಂತ, ಕೆ ಆದ್ರೆಂತ. ಇದನ್ನು ಹೇಳಿದ್ರೆ ಜನರಿಗೆ ಖುಷಿ ಆಗುದಿಲ್ಲ, "ಅಲ್ಲ ಸರ್, ಪಿ ಅಂತಲೇ ಕಾಣ್ಬೇಕು" ಅಂತಾರೆ. ಕಾಣ್ಲಿ ಬಿಡಿ, ಮಾಡಿ ಕೊಡ್ತೇನೆ.

ಪಿ ಅಂತಲೇ ಬೇಕಾದ ಜಾಗ ಇಲ್ಲ ಅಂತಲ್ಲ. ಉಡುಪಿಯಲ್ಲಿ ನನ್ನ ಪರಿಚಯದ ಸ್ಟುಡಿಯೋದವರು ಮದುವೆ ಸೀಸನಿಗೆ ಒಂದೇ ಥರದ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡ್ರು, ಎರಡರ ಹೆಸರೂ ಕಂಪೆನಿ ಕೊಟ್ಟದ್ದೇ. ಎಡಿಟಿಂಗ್ ಪ್ರಾಜೆಕ್ಟುಗಳು ಲೆಟರ್ ಸಮೇತ ಪಾತ್ ನೆನಪಿಟ್ಟುಕೊಳ್ತವೆ, ಡಿಸ್ಕ್ ಅದಲು ಬದಲು ಆದ ದಿನ ಟೈಮ್‌ಲೈನ್ ಪೂರ್ತಿ ಕೆಂಪು, ಮೀಡಿಯಾ ಆಫ್‌ಲೈನ್. ಅಲ್ಲಿಗೆ ಹೋಗಿ ನಾನು ಮೊದಲು ಮಾಡಿದ್ದು ಎರಡಕ್ಕೂ ಬೇರೆ ಬೇರೆ ಲೇಬಲ್, ಮೇಲಿಂದ ಮಾರ್ಕರಲ್ಲಿ ಅದೇ ಹೆಸರು ಬರೆದದ್ದು, ಪಿ ಮತ್ತು ಕ್ಯೂ ಕೊಟ್ಟದ್ದು ಕೊನೆಗೆ. ಮ್ಯಾಕಿನವರಿಗೆ ಈ ಉಪದ್ರವೇ ಇಲ್ಲ, ಅಲ್ಲಿ ಡ್ರೈವ್ ಹೆಸರಿನಲ್ಲೇ ಬರುದು, ಲಿನಕ್ಸಲ್ಲೂ ಲೇಬಲ್ ಅಥವಾ ಯುಯುಐಡಿ (ಉದ್ದದ ಗುರುತಿನ ನಂಬರ್) ಹಿಡಿದು ಮೌಂಟ್ ಮಾಡ್ಬಹುದು. ನಾವು ಮಾತ್ರ ಫ್ಲಾಪಿ ಹೋಗಿ ಇಷ್ಟು ಕಾಲ ಆದ್ರೂ ಅದರ ಎ, ಬಿ ಜಾಗ ಖಾಲಿ ಬಿಟ್ಟು ಸಿಯಿಂದ ಎಣಿಸ್ತಾ ಇದ್ದೇವೆ.

ಪೆನ್ ಡ್ರೈವ್ ಹಾಕಿದ ಕೂಡ್ಲೆ ಸ್ಕ್ರಿಪ್ಟ್ ತಾನೇ ಓಡುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ ಅಂತ ಕೇಳುವವರಿಗೆ: ಆಟೋರನ್ ಫೈಲಿಂದ ಆಗುದಿಲ್ಲ. ವೈರಸ್ ಹರಡ್ತಿದ್ದದ್ದೇ ಆ ದಾರಿಯಲ್ಲಿ, ವಿಂಡೋಸ್ 7ರಲ್ಲಿ ಯುಎಸ್‌ಬಿಗೆ ಅದನ್ನು ನಿಲ್ಲಿಸಿದ್ರು, 2011ರಲ್ಲಿ ಎಕ್ಸ್‌ಪಿಗೂ ವಿಸ್ಟಾಗೂ ಅಪ್‌ಡೇಟಲ್ಲಿ ಅದೇ ಮಾಡಿದ್ರು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಲ್ಲಿ ಸಂಜೆ ಒಂದು ಹೊತ್ತು ಇಡಿ, ಹೈಯೆಸ್ಟ್ ಪ್ರಿವಿಲೇಜ್ ಟಿಕ್ ಹಾಕಿ, ಡ್ರೈವ್ ಇಲ್ಲದಿದ್ರೆ ಇಲ್ಲ ಅಂತ ಲಾಗ್ ಫೈಲಲ್ಲಿ ಬರೆಯುವ ಹಾಗೆ ಮಾಡಿ. ಇದೆಲ್ಲ ನಿಮ್ಮ ಸ್ವಂತ ಕಂಪ್ಯೂಟರಿಗೆ ಹೇಳಿದ್ದು, ಬ್ಯಾಂಕು, ದೊಡ್ಡ ಆಫೀಸು ಆದ್ರೆ ಯುಎಸ್‌ಬಿಗೆ ಬೇರೆಯೇ ರೂಲ್ಸ್ ಇರ್ತದೆ, ಅಲ್ಲಿಯ ಐಟಿಯವರನ್ನು ಕೇಳದೆ ಕೈ ಹಾಕ್ಬೇಡಿ. ಬಿಟ್‌ಲಾಕರ್, ಅಂದ್ರೆ ವಿಂಡೋಸಿನ ಬೀಗ, ಹಾಕಿದ ಡ್ರೈವ್ ಆದ್ರೆ ಅನ್‌ಲಾಕ್ ಮಾಡುವ ತನಕ ಲೇಬಲ್ಲೂ ಓದ್ಲಿಕ್ಕೆ ಸಿಗುದಿಲ್ಲ, ಅದು ನೆನಪಿರ್ಲಿ.

ಲೇಬಲ್ ಒಂದನ್ನೇ ನಂಬುದು ಸಾಕಾ ಅಂದ್ರೆ ನನಗೆ ಸಮಾಧಾನ ಇಲ್ಲ, ಎಂಐಆರ್ ಇರುವ ಕಡೆ ಅಂತೂ ಇಲ್ಲವೇ ಇಲ್ಲ. ಅದಕ್ಕೆ ಡ್ರೈವಿನ ಬುಡದಲ್ಲಿ ಒಂದು ಸಣ್ಣ ಗುರುತಿನ ಫೈಲ್ ಇಡ್ತೇನೆ, ಸ್ಕ್ರಿಪ್ಟ್ ಮೊದಲು ಆ ಫೈಲ್ ಉಂಟಾ ನೋಡ್ತದೆ, ಇಲ್ಲದಿದ್ರೆ ಒಂದಕ್ಷರ ಬರೆಯದೆ ಹೊರಗೆ ಬರ್ತದೆ. ಬ್ಯಾಕಪ್ಪೂ ಬುಡಕ್ಕೆ ಅಲ್ಲ, ಅದಕ್ಕೇ ಅಂತ ಮಾಡಿದ ಫೋಲ್ಡರಿಗೆ, ಇಲ್ಲದಿದ್ರೆ ಎಂಐಆರ್ ಈ ಗುರುತಿನ ಫೈಲನ್ನೇ ಎಕ್ಸ್‌ಟ್ರಾ ಅಂತ ಗುಡಿಸಿ ಹಾಕ್ತದೆ. ಫೈಲಿನ ಹೆಸರು ಇಂಗ್ಲಿಷಲ್ಲೇ ಇರ್ಲಿ, ಕನ್ನಡದಲ್ಲಿ ಇಟ್ರೆ ಬ್ಯಾಚ್ ಫೈಲ್ ಕೋಡ್‌ಪೇಜ್, ಅಂದ್ರೆ ಅಕ್ಷರ ಓದುವ ಪಟ್ಟಿಯ, ತಕರಾರು ತೆಗೀತದೆ. ಮತ್ತೆ ಆಫೀಸಲ್ಲಿ ಎಲ್ಲರಿಗೂ ಒಂದು ಮಾತು ಹೇಳಿಡಿ, ಎಂತಕೆ ಅಂದ್ರೆ ಕದ್ರಿಯ ಒಂದು ಆಫೀಸಲ್ಲಿ ಅಕೌಂಟೆಂಟ್ ಮೇಡಂ ಪೆನ್ ಡ್ರೈವ್ ಕ್ಲೀನ್ ಮಾಡುವಾಗ "ಒಳಗೆ ಎಂತದೂ ಇಲ್ಲದ ಫೈಲ್ ಅಂತ ಡಿಲೀಟ್ ಮಾಡಿದೆ" ಅಂದ್ರು, ಬ್ಯಾಕಪ್ ನಿಂತು ಹೋಗಿತ್ತು, ಲಾಗಲ್ಲಿ ದಿನಾ ಡ್ರೈವ್ ಇಲ್ಲ, ಡ್ರೈವ್ ಇಲ್ಲ ಅಂತ ಬಿದ್ದಿತ್ತು, ಲಾಗ್ ಯಾರೂ ನೋಡಿರ್ಲಿಲ್ಲ. ಈಗ ಅಲ್ಲಿ ಆ ಫೈಲಿನ ಒಳಗೆ ನನ್ನ ಫೋನ್ ನಂಬರ್ ಬರೆದಿಟ್ಟಿದ್ದೇನೆ, ಡಿಲೀಟ್ ಮಾಡುವ ಮೊದಲು ಓಪನ್ ಮಾಡಿ ನೋಡಿದ್ರೆ ಒಂದು ಫೋನಾದ್ರೂ ಬರ್ಬಹುದು.