ಊರ ಮೇಲೆ ತಂತಿ ಹೋಗಿದ್ದರೂ ಮನೆಗೆ ಕರೆಂಟ್ ಯಾಕೆ ಅಷ್ಟು ತಡವಾಗಿ ಬಂತು?

ಓದುಗರ ಪ್ರಶ್ನೆ: ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತಯಾರಾಯಿತು ಅಂತ ಸ್ಕೂಲಿನಲ್ಲಿ ಓದಿದ್ದೇವೆ. ಬೆಂಗಳೂರಿಗೆ 1905ರಲ್ಲೇ ಬೀದಿದೀಪ ಬಂತು. ಆದರೆ ನಮ್ಮಪ್ಪ ಸೀಮೆಎಣ್ಣೆ ಬುಡ್ಡಿ ಮುಂದೆ ಕೂತು ಎಸ್ಸೆಸ್ಸೆಲ್ಸಿ ಓದಿದ್ದು. ಹಳ್ಳಿಗಳಿಗೆ ಕರೆಂಟ್ ಬರೋಕೆ ಅರವತ್ತು ಎಪ್ಪತ್ತು ವರ್ಷ ಯಾಕೆ ಬೇಕಾಯಿತು?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕೇಳುವಾಗ ದನಿಯಲ್ಲಿ ಸ್ವಲ್ಪ ಬೇಸರವೂ ಇರುತ್ತದೆ. ಆ ಬೇಸರದಲ್ಲಿ ನ್ಯಾಯ ಇದೆ. ಚಿಕ್ಕದಾಗಿ ಹೇಳುವುದಾದರೆ, ನಮ್ಮ ಕಡೆ ಕರೆಂಟ್ ಯಾವಾಗಲೂ ಕೆಲಸದ ಬೆನ್ನು ಹತ್ತಿ ಹೋಗಿದೆ. ಮೊದಲು ಚಿನ್ನದ ಗಣಿಗೆ ಹೋಯಿತು, ಆಮೇಲೆ ಪೇಟೆಗೆ, ಗಿರಣಿಗೆ. ಹಳ್ಳಿಗೆ ಬಂದದ್ದೂ ಬಾವಿಯ ನೀರೆತ್ತುವ ಕೆಲಸಕ್ಕೆ. ಮನೆಯ ಬಲ್ಬು ಅದರ ಹಿಂದೆ ಬಂತು.

ಶಿವನಸಮುದ್ರದಿಂದಲೇ ಶುರು ಮಾಡೋಣ. ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆಗೆ ಬೆನ್ನೆಲುಬಾಗಿ ನಿಂತವರು ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್. ಕೆಲಸ ನಡೆಸಿದವರು ಜೋಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರ್. ಆಗ ಕೋಲಾರದ ಗಣಿಗಳಲ್ಲಿ ಯಂತ್ರಗಳೆಲ್ಲ ಹಬೆಯಲ್ಲಿ ಓಡುತ್ತಿದ್ದವು. ಅದಿರು ಪುಡಿ ಮಾಡಬೇಕು, ಆಳದಿಂದ ನೀರು ಎತ್ತಿ ಹೊರಹಾಕಬೇಕು. ಸೌದೆ, ಕಲ್ಲಿದ್ದಲು ಎಷ್ಟು ತಂದರೂ ಸಾಲದು. ಹಾಗಾಗಿ ಗಣಿ ಕಂಪನಿಗಳು ಕರೆಂಟ್ ಕೊಳ್ಳುತ್ತೇವೆ ಅಂತ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದ ಧೈರ್ಯದ ಮೇಲೆ ಸರ್ಕಾರ ದುಡ್ಡು ಹಾಕಿತು. 1902ರ ಜೂನ್ 30ರಂದು ಗಣಿಗೆ ಕರೆಂಟ್ ಹರಿಯಿತು. ತಂತಿಯ ಉದ್ದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಬೆಂಗಳೂರಿಗೆ ಕರೆಂಟ್ ಬಂದದ್ದು ಮೂರು ವರ್ಷ ಆದ ಮೇಲೆ, 1905ರ ಆಗಸ್ಟ್‌ನಲ್ಲಿ. ಈಗಿನ ಕೆ.ಆರ್. ಮಾರುಕಟ್ಟೆ ಹತ್ತಿರ ಮೊದಲ ಬೀದಿದೀಪ ಹತ್ತಿತು. ಮೈಸೂರಿಗೆ 1908ರಲ್ಲಿ ಬಂತು. ರಾಜಧಾನಿಗಿಂತ, ಅರಮನೆಗಿಂತ ಮೊದಲು ಗಣಿಗೆ ಬಂತು ನೋಡಿ.

ಈಗ ಆ 92 ಮೈಲಿ ತಂತಿಯನ್ನೇ ನೆನೆಸಿಕೊಳ್ಳಿ. ಅದು ರಾಗಿ ಹೊಲಗಳ ಮೇಲೆ, ಹುಣಸೆ ತೋಪುಗಳ ಪಕ್ಕ, ಎಷ್ಟೋ ಊರುಗಳ ಅಂಚಿನಲ್ಲಿ ಹಾದು ಹೋಗಿತ್ತು. ಕೆಳಗಿನ ಮನೆಗಳಲ್ಲಿ ಹೊಂಗೆ ಎಣ್ಣೆ ದೀಪ, ಸೀಮೆಎಣ್ಣೆ ಬುಡ್ಡಿ. ತಲೆ ಮೇಲೇ ಹೋಗುವ ಕರೆಂಟಿನಲ್ಲಿ ಒಂದು ಎಳೆ ಈ ಕಡೆ ಎಳೆದುಕೊಳ್ಳಬಹುದಿತ್ತಲ್ವಾ?

ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಕರೆಂಟ್ ತಂತಿಯಲ್ಲಿ ಹರಿಯುವಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ನಷ್ಟ. ವೋಲ್ಟೇಜನ್ನು 10 ಪಟ್ಟು ಏರಿಸಿದರೆ, ಅಷ್ಟೇ ಶಕ್ತಿಯನ್ನು ಹತ್ತನೇ ಒಂದು ಭಾಗದಷ್ಟು ಆಂಪಿಯರ್‌ನಲ್ಲಿ, ಅಂದರೆ ಅಷ್ಟು ಕಡಿಮೆ ಹರಿವಿನಲ್ಲಿ, ಸಾಗಿಸಬಹುದು. ಆಗ ಅದೇ ತಂತಿಯಲ್ಲಿ ನಷ್ಟ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ದೂರದ ಊರಿಗೆ ಕಳಿಸುವಾಗ ವೋಲ್ಟೇಜ್ ಏರಿಸುತ್ತಾರೆ. ಕೋಲಾರದ ತಂತಿಯಲ್ಲಿ ಮೂವತ್ತು ಸಾವಿರಕ್ಕೂ ಮೇಲೆ ವೋಲ್ಟ್ ಇತ್ತು. ಮನೆಯ ಬಲ್ಬಿಗೆ ಬೇಕಾದದ್ದು 230. ಅಲ್ಲಿಂದ ಇಲ್ಲಿಗೆ ಇಳಿಸಬೇಕಾದರೆ ಸಬ್‌ಸ್ಟೇಷನ್ ಬೇಕು, ಅಲ್ಲಿಂದ 11 ಕೆ.ವಿ., ಅಂದರೆ 11 ಸಾವಿರ ವೋಲ್ಟಿನ ಲೈನ್ ಬೇಕು, ಊರ ಬಾಗಿಲಿಗೆ ಟಿ.ಸಿ. ಬೇಕು. ಹೌದು, ನಾವೆಲ್ಲ ‘ಟೀಸಿ’ ಅನ್ನುವ ಟ್ರಾನ್ಸ್‌ಫಾರ್ಮರ್. ಆಮೇಲೆ ಬೀದಿ ಬೀದಿಗೆ ಕಂಬ. ಹಳ್ಳಿಯ ಕರೆಂಟಿನಲ್ಲಿ ದೊಡ್ಡ ಖರ್ಚು ಇಲ್ಲೇ, ಈ ಕೊನೆಯ ಕೆಲವು ಮೈಲಿಗಳಲ್ಲಿ.

ಆ ಖರ್ಚನ್ನು ಯಾರಿಂದ ವಸೂಲು ಮಾಡುವುದು? ಒಂದು ಲೆಕ್ಕ ಹಾಕೋಣ. 50 ಮನೆಗಳ ಊರು. ಮನೆಗೆ ಎರಡು, 40 ಕ್ಯಾಂಡಲ್ ಬಲ್ಬು. ನಮ್ಮ ಹಿರಿಯರು ವ್ಯಾಟ್‌ಗೆ ಕ್ಯಾಂಡಲ್ ಅಂತಲೇ ಅನ್ನುತ್ತಿದ್ದರು. ಇಡೀ ಊರು ಒಟ್ಟಿಗೆ ದೀಪ ಹಾಕಿದರೂ 4,000 ವ್ಯಾಟ್. ಅದೂ ಸಂಜೆ ಒಂದು ಮೂರು ತಾಸು ಮಾತ್ರ, ಆಮೇಲೆ ಊರು ಮಲಗುತ್ತದೆ. ಒಂದು 5 ಎಚ್.ಪಿ. ಪಂಪ್‌ಸೆಟ್‌ಗೆ ಎಷ್ಟು ಬೇಕು ಗೊತ್ತಾ? ಸುಮಾರು 3,700 ವ್ಯಾಟ್. ಅಂದರೆ ಒಬ್ಬ ರೈತನ ಒಂದು ಬಾವಿ, ಹೆಚ್ಚು ಕಡಿಮೆ ಇಡೀ ಊರಿನ ಬಲ್ಬುಗಳಿಗೆ ಸಮ. ಅದು ಹಗಲು ಹೊತ್ತು ಗಂಟೆಗಟ್ಟಲೆ ಓಡುತ್ತದೆ. ಹಳ್ಳಿಯ ಕರೆಂಟಿನ ಕಥೆ ಅರ್ಥವಾಗೋದು ಈ ಲೆಕ್ಕದಲ್ಲೇ ಅಂತ ನನಗನ್ನಿಸುತ್ತದೆ.

ಕರೆಂಟ್ ತಯಾರಾಗುತ್ತಿದ್ದದ್ದೂ ಕಡಿಮೆಯೇ. 1940ರಲ್ಲಿ ಶಿಂಷಾ, 1948ರಲ್ಲಿ ಜೋಗ. ಶರಾವತಿಯ ದೊಡ್ಡ ಕೇಂದ್ರ ಶುರುವಾಗಿದ್ದು 1960ರ ದಶಕದ ನಡುವಿನಲ್ಲಿ. ಅಲ್ಲಿಯವರೆಗೆ ಹಳೇ ಮೈಸೂರಿನ ಕೆಲವು ಊರುಗಳಿಗೆ, ಅದರಲ್ಲೂ ಲೈನಿನ ಹತ್ತಿರ ಇದ್ದವಕ್ಕೆ, ಕರೆಂಟ್ ಸಿಕ್ಕಿತ್ತು. ಉಳಿದವು ಕಾದವು. ಇನ್ನೊಂದು ಮಾತು ಮರೆಯಬಾರದು. ಈಗಿನ ಕರ್ನಾಟಕ 1956ಕ್ಕೆ ಮೊದಲು ಒಂದೇ ಆಡಳಿತದಲ್ಲಿ ಇರಲಿಲ್ಲ. ಧಾರವಾಡ ಮುಂಬೈಗೆ, ಮಂಗಳೂರು ಮದರಾಸಿಗೆ, ಕಲಬುರಗಿ ಹೈದರಾಬಾದಿಗೆ ಸೇರಿದ್ದವು. ಶಿವನಸಮುದ್ರದ ಹೆಮ್ಮೆಯಲ್ಲಿ ಅವರಿಗೆಲ್ಲ ಪಾಲು ಸಿಗಲಿಲ್ಲ. ಎಲ್ಲ ಜಿಲ್ಲೆಗೂ ಒಂದೇ ವಿದ್ಯುತ್ ಮಂಡಳಿ ಅಂತ ಆಗಿದ್ದು 1957ರಲ್ಲಿ. ಅದೇ ಮುಂದೆ ಕೆ.ಇ.ಬಿ., ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ ಆಯಿತು. ಹೆಸರು ಎಷ್ಟು ಬದಲಾದರೂ ಹಳ್ಳಿಯಲ್ಲಿ ಇವತ್ತಿಗೂ ‘ಕೆಇಬಿಯೋರು ಬಂದ್ರು’ ಅಂತಲೇ ಅನ್ನುತ್ತಾರೆ.

1965, 66ರಲ್ಲಿ ದೇಶಕ್ಕೆ ಭಾರಿ ಬರ ಬಂತು. ಊಟಕ್ಕೆ ಹೊರದೇಶದ ಗೋಧಿಯ ಕಡೆ ನೋಡುವಂತಾಯಿತು. ಮಳೆ ನಂಬಿ ಕೂತರೆ ಆಗಲ್ಲ, ಬಾವಿ ನೀರು ಎತ್ತಲೇಬೇಕು ಅನ್ನೋದು ಸರ್ಕಾರಕ್ಕೆ ಮನದಟ್ಟಾಯಿತು. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಕಟ್ಟಿತು. ಪಂಪ್‌ಸೆಟ್‌ಗಳಿಗೆ ಲೈನ್ ಎಳೆಯಲು ಮಂಡಳಿಗಳಿಗೆ ಸಾಲ ಸಿಗತೊಡಗಿತು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಜನರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಇಂಥ ಸಂಘಗಳನ್ನು ದೇಶದಲ್ಲಿ ಮೊದಲು ಐದೇ ಕಡೆ ಮಾಡಿ ನೋಡಿದ್ದು. ಅದರಲ್ಲಿ ನಮ್ಮ ಹುಕ್ಕೇರಿಯೂ ಒಂದು. ಈ ಸಂಘದ ಕಥೆಯನ್ನೇ ಬೇರೆ ಬರೆಯಬೇಕು.

ನಮ್ಮ ಅಜ್ಜಿಯ ಊರು ತುಮಕೂರು ಸೀಮೆಯದ್ದು. ಅಲ್ಲಿಗೆ ಕರೆಂಟ್ ಬಂದದ್ದೂ ಆ ಹೊತ್ತಿನಲ್ಲೇ. ಅದಕ್ಕೆ ಮೊದಲು ಕಪಿಲೆ ಇತ್ತು. ಒಂದು ಜೊತೆ ಎತ್ತು, ಬಾವಿಯಿಂದ ಇಳಿಜಾರು ದಾರಿ, ಮಿಣಿಗೆ ಕಟ್ಟಿದ ದೊಡ್ಡ ಚರ್ಮದ ಚೀಲ. ಎತ್ತು ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲೆ ಬರುತ್ತದೆ, ನೀರು ಸುರಿಯುತ್ತದೆ. ಎತ್ತನ್ನು ಹಿಂದಕ್ಕೆ ನಡೆಸಿದರೆ ಚೀಲ ಇಳಿಯುತ್ತದೆ. ನಮ್ಮ ದೊಡ್ಡಪ್ಪ ಹುಡುಗನಾಗಿದ್ದಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಿಣಿ ಮೇಲೆ ಕೂತು ಎತ್ತು ಹೊಡೆಯುತ್ತಿದ್ದರು. ಬಿಸಿಲೇರುವ ಹೊತ್ತಿಗೆ ಎತ್ತಿನ ಬಾಯಲ್ಲಿ ನೊರೆ. ಅಷ್ಟಾದರೂ ನೆನೆಯುತ್ತಿದ್ದದ್ದು ಒಂದಿಷ್ಟು ಮಡಿ ಮಾತ್ರ.

ಕಂಬಗಳು ಮೊದಲು ನೆಟ್ಟದ್ದು ಊರೊಳಗಲ್ಲ, ಬಾವಿಗಳ ಕಡೆಗೆ. ಪಂಪ್ ಹಾಕಿದ ದಿನ ಪೈಪಿನ ಬಾಯಿ ಸ್ವಲ್ಪ ಹೊತ್ತು ಬರೀ ಗಾಳಿ ಉಗುಳಿತಂತೆ. ಆಮೇಲೆ ಕೆಸರು ನೀರು, ಆಮೇಲೆ ತೊಡೆ ಗಾತ್ರದ ತಿಳಿನೀರು. ದೊಡ್ಡಪ್ಪ ಅದರ ಕೆಳಗೆ ಅಂಗಿ ಸಮೇತ ನಿಂತುಬಿಟ್ಟರು. ಕಪಿಲೆ ಎತ್ತುಗಳು ಅವತ್ತು ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಅದನ್ನು ಹೇಳುವಾಗ ಎಪ್ಪತ್ತು ದಾಟಿದ ದೊಡ್ಡಪ್ಪನ ಕಣ್ಣು ಈಗಲೂ ಒದ್ದೆಯಾಗುತ್ತದೆ. ಪಂಪಿನ ಹಿಂದೆಯೇ ರಾಗಿ ಮಿಷಿನ್ ಬಂತು. ಹೆಂಗಸರು ಕೋಳಿ ಕೂಗೋ ಮುಂಚೆ ಎದ್ದು ಬೀಸುಕಲ್ಲು ತಿರುಗಿಸುವುದು ತಪ್ಪಿತು. ನನ್ನನ್ನು ಕೇಳಿದರೆ ಬಲ್ಬಿಗಿಂತ ಈ ಎರಡು ಜಾಸ್ತಿ ದೊಡ್ಡ ಬದಲಾವಣೆ.

ಮನೆಗೆ ಬಲ್ಬು ಬಂದದ್ದು ಅದಾದ ಒಂದೆರಡು ವರ್ಷಕ್ಕೆ. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ವೈರು, ಕಪ್ಪು ಗುಂಡು ಸ್ವಿಚ್ಚು. ನಡುಮನೆಗೊಂದು, ಅಡುಗೆಮನೆಗೊಂದು. ಸಂಜೆ ಸ್ವಿಚ್ ಒತ್ತಿದ ಕೂಡಲೇ ಅಜ್ಜಿ ಬಲ್ಬಿಗೆ ಕೈ ಮುಗಿದರು. ದೀಪ ಹಚ್ಚಿದಾಗ ಕೈ ಮುಗಿಯುವುದು ರೂಢಿ, ಬಲ್ಬೂ ದೀಪವೇ ತಾನೇ.

ಮಾತಿನಲ್ಲೂ ಒಂದು ತೊಡಕು ಬಂತು. ನಮ್ಮಲ್ಲಿ ದೀಪ ಆರಿಸು ಅಂತ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಮಕ್ಕಳು ಹಾಗೆ ಅಂದರೆ ಅಜ್ಜಿ ತಡೆಯುತ್ತಿದ್ದರು: “ಹಂಗನ್ಬಾರ್ದು ಕಣಪ್ಪ, ದೀಪ ದೊಡ್ಡದು ಮಾಡು ಅನ್ನು.” ಬಲ್ಬು ಬಂದ ಮೇಲೆ ಮಕ್ಕಳು ಲೈಟ್ ಆಫ್ ಮಾಡು ಅನ್ನೋದು ಕಲಿತರು. ಇಂಗ್ಲಿಷ್ ಮಾತಿಗೆ ಅಪಶಕುನ ಅಂಟಲಿಲ್ಲ. ಅಜ್ಜಿ ಮಾತ್ರ ಕೊನೆವರೆಗೂ “ಲೈಟು ದೊಡ್ಡದು ಮಾಡ್ರೋ” ಅಂತಲೇ ಅನ್ನುತ್ತಿದ್ದರು.

ಆದರೆ ಒಂದು ಮಾತು ಹೇಳದಿದ್ದರೆ ಈ ಉತ್ತರ ಅರ್ಧ ಸುಳ್ಳಾಗುತ್ತದೆ. ಊರಿಗೆ ಕರೆಂಟ್ ಬಂತು ಅಂದರೆ ಊರಿನ ಎಲ್ಲರ ಮನೆಗೂ ಬಂತು ಅಂತಲ್ಲ. 1997ರವರೆಗೆ ಸರ್ಕಾರದ ವ್ಯಾಖ್ಯೆ ಏನಿತ್ತು ಗೊತ್ತಾ? ಊರಿನ ಕಂದಾಯ ಎಲ್ಲೆಯೊಳಗೆ ಯಾವುದೇ ಕೆಲಸಕ್ಕೆ ಕರೆಂಟ್ ಬಳಕೆಯಾದರೂ ಸಾಕು, ಇಡೀ ಊರು ವಿದ್ಯುದೀಕರಣ ಆದ ಹಾಗೆ. ಹೊಲದಲ್ಲಿ ಒಂದು ಪಂಪ್ ಓಡಿದರೆ ಲೆಕ್ಕದಲ್ಲಿ ಊರು ಬೆಳಗಿತು. ಮನೆಗಳಲ್ಲಿ ಬುಡ್ಡಿಯೇ ಇರಬಹುದು. ಇದು ಕಾಗದದ ಮೇಲಿನ ಬೆಳಕು, ಅದನ್ನು ನಂಬಿ ಎಷ್ಟೋ ಊರುಗಳನ್ನು ಪಟ್ಟಿಯಿಂದ ತೆಗೆದರಲ್ಲ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ. 2004ರಲ್ಲಿ ನಿಯಮ ಬಿಗಿಯಾಯಿತು. ಕನಿಷ್ಠ 100ಕ್ಕೆ 10 ಮನೆಗಳಲ್ಲಿ ಕರೆಂಟ್ ಇರಬೇಕು, ಶಾಲೆ, ಪಂಚಾಯಿತಿ ಕಚೇರಿಯಂಥ ಕಡೆ ಇರಬೇಕು, ದಲಿತರ ಕೇರಿಗೂ ಲೈನ್ ಹೋಗಿರಬೇಕು ಅಂತಾಯಿತು. ಕೇರಿ ಅಂತ ಬಿಡಿಸಿ ಬರೆಯಬೇಕಾಯಿತು ಅಂದರೇನೇ ತಿಳಿಯುತ್ತದೆ, ಅಲ್ಲಿಯವರೆಗೆ ಏನಾಗುತ್ತಿತ್ತು ಅಂತ. ಕಂಬ ಸಾಮಾನ್ಯವಾಗಿ ಊರ ನಡುಬೀದಿಗೇ ನಿಂತುಬಿಡುತ್ತಿತ್ತು.

ಬಡವರ ಮನೆಗೆ ನಮ್ಮ ರಾಜ್ಯದಲ್ಲಿ ದೊಡ್ಡದಾಗಿ ನೆರವಾದದ್ದು ಭಾಗ್ಯಜ್ಯೋತಿ. 1980ರ ಹೊತ್ತಿಗೆ ಶುರುವಾದ ಯೋಜನೆ ಇದು. ಒಂದು ಮನೆಗೆ ಒಂದೇ ಬಲ್ಬು. ಆ ಒಂದು ಬಲ್ಬನ್ನು ಎಲ್ಲಿ ಕಟ್ಟುತ್ತಿದ್ದರು ಅಂತ ಹಳೇ ಮನೆಗಳಲ್ಲಿ ಗಮನಿಸಿ. ಎಷ್ಟೋ ಕಡೆ ಒಲೆಯ ಕೋಣೆಗೂ ನಡುಮನೆಗೂ ನಡುವಿನ ಗೋಡೆಯ ಮೇಲ್ತುದಿಯಲ್ಲಿ, ಎರಡೂ ಕಡೆ ಬೆಳಕು ಬೀಳುವ ಹಾಗೆ ಕಟ್ಟಿರುತ್ತಾರೆ. ಆಮೇಲೆ 2005ರಲ್ಲಿ, 2017ರಲ್ಲಿ ಕೇಂದ್ರದ ಯೋಜನೆಗಳು ಬಂದು ಉಳಿದ ಮನೆಗಳನ್ನು ಹುಡುಕಿಕೊಂಡು ಹೋದವು.

ನಿಮ್ಮ ಊರಿಗೆ ಕರೆಂಟ್ ಯಾವಾಗ, ಯಾವ ದಾರಿಯಲ್ಲಿ ಬಂತು ಅಂತ ತಿಳಿಯಬೇಕಾ? ಹಿರಿಯರನ್ನು ಕೇಳಿ. ಇಸವಿ ಕೇಳಬೇಡಿ, ನೆನಪಿರಲ್ಲ. ಯಾರ ಮದುವೆಯಲ್ಲಿ ಗ್ಯಾಸ್‌ಲೈಟ್ ಇತ್ತು, ಯಾರ ಮದುವೆಯಲ್ಲಿ ಸೀರಿಯಲ್ ಸೆಟ್ ಹಾಕಿದ್ದರು ಅಂತ ಕೇಳಿ, ತಕ್ಷಣ ಹೇಳುತ್ತಾರೆ. ಆಮೇಲೆ ಹಳೇ ಮೀಟರ್ ಬೋರ್ಡುಗಳ ಮೇಲೆ ಬರೆದಿರುವ ಆರ್.ಆರ್. ನಂಬರ್, ಅಂದರೆ ಪ್ರತಿ ಕನೆಕ್ಷನ್‌ಗೂ ಕೊಡುವ ಗುರುತಿನ ನಂಬರ್ ನೋಡಿ. ಸಾಮಾನ್ಯವಾಗಿ ನಂಬರ್ ಸಣ್ಣದಿದ್ದಷ್ಟೂ ಕನೆಕ್ಷನ್ ಹಳೇದು. ಅಜ್ಜಿಯ ಊರಿನಲ್ಲಿ ನಾನು ಹಾಗೆ ಹುಡುಕಿಕೊಂಡು ಹೋದೆ. ಅತಿ ಸಣ್ಣ ನಂಬರ್ ಸಿಕ್ಕಿದ್ದು ಊರಾಚೆಯ ಬಾವಿ ಪಕ್ಕದ ಪಂಪ್ ಮನೆಯಲ್ಲಿ. ಹೆಂಚು ಬಿದ್ದುಹೋಗಿದೆ, ಬಾವಿಯಲ್ಲಿ ನೀರಿಲ್ಲ. ಗೋಡೆಯ ಮೇಲೆ ಕಪ್ಪು ಪೇಂಟಿನ ಆ ಅಂಕಿ ಮಾತ್ರ ಇನ್ನೂ ಕಾಣುತ್ತದೆ.