‘ವಲ್ಕನ್ ಇಲ್ಲ’ ಅಂದರೆ ಯಾವುದು ಇಲ್ಲ?

ಓದುಗರ ಪ್ರಶ್ನೆ: ಇಲ್ಲದ ವಸ್ತುವಿಗೂ ಹೆಸರು ಇರುತ್ತದಲ್ವಾ? ಹಾಗಾದರೆ ‘ಅದು ಇಲ್ಲ’ ಎಂಬ ಮಾತು ಯಾವುದರ ಬಗ್ಗೆ? ಅದು ನಿಜವಾಗುವುದಾದರೂ ಹೇಗೆ?

ಉತ್ತರ: ವಲ್ಕನ್ ಗ್ರಹವನ್ನೇ ತೆಗೆದುಕೊಳ್ಳೋಣ. ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಲ ವೆರಿಯೆ ಬರೀ ಲೆಕ್ಕ ಹಾಕಿ ನೆಪ್ಚೂನ್ ಎಲ್ಲಿರಬೇಕು ಎಂದು ಹೇಳಿದ್ದರು. 1846ರಲ್ಲಿ ಬರ್ಲಿನ್ನಿನಲ್ಲಿ ಟೆಲಿಸ್ಕೋಪ್ ತಿರುಗಿಸಿ ನೋಡಿದರೆ, ಅದು ಹೆಚ್ಚುಕಡಿಮೆ ಅಲ್ಲೇ ಇತ್ತು. 1859ರಲ್ಲಿ ಬುಧನ ಚಲನೆಯೂ ಲೆಕ್ಕ ತಪ್ಪುತ್ತಿದೆ ಎಂದು ಅವರು ತೋರಿಸಿದರು. ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ಗ್ರಹವಿದೆಯೇ ಎಂಬ ಹುಡುಕಾಟ ಶುರುವಾಯಿತು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಕಂಡೆವು ಎಂದವರೂ ಇದ್ದರು! ಆದರೆ 1915ರಲ್ಲಿ ಐನ್‌ಸ್ಟೈನ್ ಸಿದ್ಧಾಂತವು ಹೊಸ ಗ್ರಹದ ಹಂಗಿಲ್ಲದೆ ಆ ವ್ಯತ್ಯಾಸವನ್ನು ವಿವರಿಸಿತು.

ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ ಕೊಟ್ಟ ಉಪಾಯ ಇಲ್ಲಿ ಚೆನ್ನಾಗಿ ಕೂರುತ್ತದೆ. ‘ವಲ್ಕನ್’ ನೋಡಲು ಹೆಸರು, ಒಳಗಿರುವುದು ಒಂದು ವರ್ಣನೆ: ಬುಧನಿಗಿಂತ ಒಳಗೆ ಸುತ್ತುತ್ತಾ ಬುಧನನ್ನು ಎಳೆಯುವ ಗ್ರಹ. ‘ವಲ್ಕನ್ ಇಲ್ಲ’ ಅಂದರೆ, ಈ ವರ್ಣನೆಗೆ ಹೊಂದುವ ಗ್ರಹ ಒಂದೂ ಇಲ್ಲ ಎಂದಷ್ಟೇ. ಇಲ್ಲದ ಯಾವುದನ್ನೂ ನಾವು ಬೆರಳು ಮಾಡಿ ತೋರಿಸಿಲ್ಲ.

ಭಾರತದ ತರ್ಕಪರಂಪರೆಯಾದ ನ್ಯಾಯ ದರ್ಶನದ ಪಂಡಿತ ಉದಯನ ಇದಕ್ಕೂ ಎಷ್ಟೋ ಶತಮಾನ ಮೊದಲೇ ಮೊಲದ ಕೊಂಬಿನ ವಿಷಯದಲ್ಲಿ ಇದೇ ತೊಡಕಿಗೆ ಕೈಹಾಕಿದ್ದರು. ‘ಮೊಲದ ಕೊಂಬು ಇಲ್ಲ’ ಎಂಬುದು ಮೊಲದ ಕೊಂಬು ಎಂಬ ವಿಚಿತ್ರ ವಸ್ತುವಿನ ಬಗ್ಗೆ ಅಲ್ಲ. ಲೋಕದಲ್ಲಿ ಮೊಲವಿದೆ, ಹಸುವಿನ ತಲೆಯಲ್ಲಿ ಕೊಂಬೂ ಇದೆ. ಮೊಲದ ತಲೆಯಲ್ಲಿ ಕೊಂಬಿಲ್ಲ, ಅಷ್ಟೇ. ನನಗೆ ಇದು ರಸೆಲ್‌ಗಿಂತ ಜಾಸ್ತಿ ಇಷ್ಟ. ಆದರೆ ‘ವಲ್ಕನ್’ ಒಂದೇ ಪದ. ವರ್ಣನೆಯಾಗಿ ಬಿಡಿಸದೆ ಅದನ್ನು ಹೀಗೆ ಎರಡು ಮಾಡಲಾಗುವುದಿಲ್ಲ.

ಹೆಸರನ್ನು ವರ್ಣನೆಯಾಗಿ ಬಿಡಿಸಬಹುದೇ? ಆಗದು ಎಂದರು ಅಮೆರಿಕದ ತತ್ವಜ್ಞಾನಿ ಸಾಲ್ ಕ್ರಿಪ್ಕಿ, 1970ರ ಉಪನ್ಯಾಸಗಳಲ್ಲಿ. ಅವರ ವಾದವನ್ನು ನಮ್ಮ ಕಥೆಗೇ ಹಚ್ಚಿ ನೋಡಿ. ಲ ವೆರಿಯೆ ಗಣಿತದ ಗೊಡವೆಗೇ ಹೋಗದೆ ಅಂಗಡಿ ಇಟ್ಟಿದ್ದರೂ ಅವರು ಲ ವೆರಿಯೆಯೇ ಆಗಿರುತ್ತಿದ್ದರು. ಅಂದರೆ ಹೆಸರು ಅಂಟಿಕೊಳ್ಳುವುದು ವ್ಯಕ್ತಿಗೆ, ಅವರ ಸಾಧನೆಯ ವಿವರಕ್ಕಲ್ಲ. ಒಪ್ಪಬೇಕಾದ ಮಾತು. ಆದರೆ ಆಗ ನಿಮ್ಮ ಪ್ರಶ್ನೆ ಮತ್ತೆ ಎದ್ದು ಕೂರುತ್ತದೆ: ‘ವಲ್ಕನ್’ ಯಾವುದಕ್ಕೆ ಅಂಟಿಕೊಂಡಿದೆ? 1973ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕ್ರಿಪ್ಕಿ ಖಾಲಿ ಹೆಸರುಗಳ, ಅಂದರೆ ಯಾವುದಕ್ಕೂ ಅಂಟಿಕೊಳ್ಳದ ಇಂಥ ಹೆಸರುಗಳ ಬಗ್ಗೆಯೇ ಮಾತಾಡಿದರು. ಎಲ್ಲರೂ ಒಪ್ಪುವ ಪರಿಹಾರ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ವಲ್ಕನ್ ಮಟ್ಟಿಗೆ ನಾನು ರಸೆಲ್ ಕಡೆ. ಇಲ್ಲಿ ವರ್ಣನೆ ಮೊದಲು ಬಂತು, ಹೆಸರು ಆಮೇಲೆ. ಕಥೆಯ ಪಾತ್ರಗಳ ಹೆಸರಿಗೆ ಈ ಉತ್ತರ ಸಾಲದು.